ಇಲ್ಲಿ ಮೊದಲಿಗಳು, ಅಲ್ಲಿ ಕೊನೆಯವಳು

ಸಿಇಟಿಯ ಮೊದಲ ಸುತ್ತಿನ ಸೀಟು ಹಂಚಿಕೆಯಾದ ವಾರ ಕರ್ನಾಟಕದ ಸಾವಿರಾರು ಮನೆಗಳಲ್ಲಿ ಒಂದೇ ಚರ್ಚೆ. ಸಿಕ್ಕಿದ್ದಕ್ಕೆ ಸೇರುವುದೋ, ಇನ್ನೂ ಮೇಲಿನದಕ್ಕೆ ಕಾಯುವುದೋ? ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕೊಡುವ ನಾಲ್ಕು ಆಯ್ಕೆಗಳಲ್ಲಿ ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದು ಮೊದಲ ಎರಡರ ಬಗ್ಗೆ. ಚಾಯ್ಸ್ 1 ಎಂದರೆ ಸಿಕ್ಕ ಸೀಟಿಗೆ ಸೇರಿಬಿಡುವುದು. ಚಾಯ್ಸ್ 2 ಎಂದರೆ ಅದನ್ನು ಕೈಯಲ್ಲಿಟ್ಟುಕೊಂಡೇ, ಪಟ್ಟಿಯಲ್ಲಿ ಅದಕ್ಕಿಂತ ಮೇಲೆ ಬರೆದ ಕಾಲೇಜಿಗೆ ಮುಂದಿನ ಸುತ್ತಿನಲ್ಲಿ ಕಾಯುವುದು. ಮೇಲಿನದು ಸಿಕ್ಕಿತೆಂದರೆ ಕೈಯಲ್ಲಿದ್ದದ್ದು ತಾನಾಗಿ ಹೋಗುತ್ತದೆ.

ಈ ಮಾತುಕತೆ ಅರಸೀಕೆರೆಯ ಪಿಯು ಕಾಲೇಜೊಂದರ ಸ್ಟಾಫ್ ರೂಮಿನದು. ಹುಡುಗಿ ಹತ್ತನೇ ತರಗತಿಯವರೆಗೆ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಅವಳ ಮನೆಯಲ್ಲಿ ಇದುವರೆಗೆ ಯಾರೂ ಕಾಲೇಜು ಮೆಟ್ಟಿಲು ಹತ್ತಿಲ್ಲ. ಎದುರಿಗೆ ಕೂತಿರುವವರು ಎರಡು ವರ್ಷ ಅವಳಿಗೆ ಗಣಿತ ಕಲಿಸಿದ ಉಪನ್ಯಾಸಕಿ. ಹುಡುಗಿಗೆ ಹಾಸನದ ಸರ್ಕಾರಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕಿದೆ. ಹಿಂದಿನ ವರ್ಷದ ಕಟಾಫ್ ನೋಡಿದರೆ ಎರಡನೇ ಸುತ್ತಿನಲ್ಲಿ ಬೆಂಗಳೂರಿನ ಹೆಸರಾಂತ ಖಾಸಗಿ ಕಾಲೇಜಿನಲ್ಲೂ ಅದೇ ಬ್ರಾಂಚು ಸಿಗುವ ಹಾಗಿದೆ.

ಹುಡುಗಿ: ಮೇಡಂ, ನಾನು ಚಾಯ್ಸ್ 1 ಒತ್ತಿಬಿಡ್ತೀನಿ. ನನಗೆ ಹಾಸನವೇ ಸಾಕು.

ಉಪನ್ಯಾಸಕಿ: ಆಪ್ಷನ್ ಎಂಟ್ರಿ ಮಾಡುವಾಗ ಬೆಂಗಳೂರಿನದನ್ನ ಮೊದಲು ಬರೆದವಳು ನೀನೇ ಅಲ್ವೇನಮ್ಮ? ಆಗ ಬೇಕಿದ್ದದ್ದು ಈಗ ಯಾಕೆ ಬೇಡವಾಯ್ತು?

ಹುಡುಗಿ: ಆಗ ಹೇಗೂ ಸಿಗಲ್ಲ ಅಂದ್ಕೊಂಡು ಬರೆದಿದ್ದೆ. ಈಗ ಸಿಗೋ ಹಾಗೆ ಕಾಣ್ತಿದೆ, ಅದಕ್ಕೇ ಭಯ. ಅಲ್ಲಿ ಸಿಕ್ಕರೂ ಕಟಾಫ್‌ನ ಅಂಚಲ್ಲಿ ಸಿಗೋದು, ಅದೂ ಗ್ರಾಮೀಣ ಮತ್ತೆ ಕನ್ನಡ ಮಾಧ್ಯಮದ ಮೀಸಲಾತಿಯಿಂದ. ನನಗಿಂತ ಮುಂಚೆ ಸೀಟು ತಗೊಂಡವರೆಲ್ಲ ನನಗಿಂತ ಒಳ್ಳೆ ರ‍್ಯಾಂಕಿನವರು. ಹಾಸನದಲ್ಲಾದರೆ ಮೇಲಿನ ನಾಲ್ಕೈದು ಜನರಲ್ಲಿ ನಾನೂ ಒಬ್ಬಳಾಗಿರ್ತೀನಿ. ಬೆಂಗಳೂರಲ್ಲಿ ಕೆಳಗಿಂದ ಎಣಿಸಬೇಕು.

ಉಪನ್ಯಾಸಕಿ: ಆ ರ‍್ಯಾಂಕ್ ಹೇಗೆ ಬಂತು ಅಂತ ಒಂದು ಸಲ ನೆನಪು ಮಾಡ್ಕೊ. ಅರ್ಧ ಪಿಯು ಅಂಕ, ಅರ್ಧ ಸಿಇಟಿ. ಸಿಇಟಿಯಲ್ಲಿ ಮೂರು ವಿಷಯ, ಒಂದೊಂದಕ್ಕೆ 60 ಪ್ರಶ್ನೆ, ಒಟ್ಟು 180. ತಪ್ಪು ಉತ್ತರಕ್ಕೆ ಅಂಕ ಕಳೆಯೋದೂ ಇಲ್ಲ. ಲಕ್ಷಾಂತರ ಮಕ್ಕಳು ಬರೆಯೋ ಪರೀಕ್ಷೆಯಲ್ಲಿ ಒಂದೆರಡು ಪ್ರಶ್ನೆಯ ಅಂತರದೊಳಗೆ ಎಷ್ಟು ಜನ ನಿಂತಿರ್ತಾರೆ, ಯೋಚನೆ ಮಾಡು. ರ‍್ಯಾಂಕಿನ ಸಂಖ್ಯೆ ದೊಡ್ಡದಾಗಿ ಕಾಣುತ್ತೆ, ಅದರ ಹಿಂದಿರೋ ಅಂತರ ಅಷ್ಟು ದೊಡ್ಡದಲ್ಲ. ಇನ್ನೊಂದು ಮಾತು. ಆ ತರಗತಿ ತುಂಬ ಸಿಇಟಿ ರ‍್ಯಾಂಕಿನವರೇ ಇರಲ್ಲ. ಕಾಮೆಡ್‌ಕೆ ಬರೆದು ಬಂದವರು ಇರ್ತಾರೆ, ಮ್ಯಾನೇಜ್‌ಮೆಂಟ್ ಕೋಟಾದವರೂ ಇರ್ತಾರೆ. ಕೊನೆಯ ಸ್ಥಾನ ನಿನಗೇ ಅಂತ ಯಾರು ಕಾದಿರಿಸಿಟ್ಟಿದ್ದಾರೆ?

ಹುಡುಗಿ: ಅಂತರ ಬರೀ ಪ್ರಶ್ನೆಗಳದ್ದಲ್ಲ ಮೇಡಂ. ಅವರು ಒಂದನೇ ಕ್ಲಾಸಿಂದ ಇಂಗ್ಲಿಷಲ್ಲಿ ಓದಿದವರು. ಎಷ್ಟೋ ಜನ ಎಂಟನೇ ಕ್ಲಾಸಿಂದಲೇ ಜೆಇಇ ಕೋಚಿಂಗ್‌ಗೆ ಹೋದವರು. ಕೋಡಿಂಗ್ ಮೊದಲೇ ಗೊತ್ತಿರುತ್ತೆ. ನಾನು ಫಸ್ಟ್ ಪಿಯುನಲ್ಲಿ ಭೌತಶಾಸ್ತ್ರದ ಪಾಠ ಅರ್ಥ ಮಾಡ್ಕೊಳ್ಳೋಕೆ ಮೊದಲು ಪದಕೋಶ ಹಿಡ್ಕೊಂಡು ಕೂತಿದ್ದೆ. ನಿಮಗೇ ಗೊತ್ತು.

ಉಪನ್ಯಾಸಕಿ: ಗೊತ್ತು. ಸೆಕೆಂಡ್ ಪಿಯು ಹೊತ್ತಿಗೆ ಆ ಪದಕೋಶ ಬೇಕಾಗಿರಲಿಲ್ಲ ಅನ್ನೋದೂ ಗೊತ್ತು.

ಹುಡುಗಿ: ಅದಕ್ಕೆ ಒಂದು ವರ್ಷ ಬೇಕಾಯ್ತು. ಇಂಜಿನಿಯರಿಂಗಲ್ಲಿ ಒಂದು ವರ್ಷ ಅಂದರೆ ಎರಡು ಸೆಮಿಸ್ಟರ್. ಆ ಎರಡು ಸೆಮಿಸ್ಟರಿನ ಗ್ರೇಡು ಕೊನೆವರೆಗೂ ಸಿಜಿಪಿಎ ಜೊತೆ ಅಂಟಿಕೊಂಡೇ ಇರುತ್ತೆ. ಪಿಯುನಲ್ಲಿ ಹಾಗಿರಲಿಲ್ಲ, ಮೊದಲ ವರ್ಷದ ಅಂಕ ಯಾರೂ ಕೇಳಲಿಲ್ಲ.

ಉಪನ್ಯಾಸಕಿ: ಸರಿ, ಗ್ರೇಡಿನ ಮಾತಿಗೇ ಬರೋಣ. ಅಲ್ಲಿ ಗ್ರೇಡು ಹೇಗೆ ಕೊಡ್ತಾರೆ ಅಂತ ವಿಚಾರಿಸಿದ್ದೀಯಾ?

ಹುಡುಗಿ: ಹೇಗೆ ಅಂದರೆ?

ಉಪನ್ಯಾಸಕಿ: ಎರಡು ಬಗೆ ಇದೆ. ಒಂದರಲ್ಲಿ ನೀನು ತಗೊಂಡ ಅಂಕಕ್ಕೆ ನೇರವಾಗಿ ಗ್ರೇಡು. ವಿಟಿಯುನಲ್ಲಿ ಹಾಗೇ ನಡೆಯೋದು. ಇಂಟರ್ನಲ್ಸ್‌ಗೆ 50, ಸೆಮಿಸ್ಟರ್ ಪರೀಕ್ಷೆಗೆ 50, ಸೇರಿಸಿ ನೂರಕ್ಕೆ 90 ದಾಟಿದವರಿಗೆಲ್ಲ ಹತ್ತು ಪಾಯಿಂಟು. ಅಂಥವರು ಹತ್ತು ಜನ ಇದ್ದರೂ ಅಷ್ಟೇ, ಐವತ್ತು ಜನ ಇದ್ದರೂ ಅಷ್ಟೇ. ಇನ್ನೊಂದು ಬಗೆಯಲ್ಲಿ ತರಗತಿಯ ಸರಾಸರಿ ನೋಡಿ, ಅದಕ್ಕಿಂತ ನೀನು ಎಷ್ಟು ಮೇಲಿದ್ದೀಯ, ಎಷ್ಟು ಕೆಳಗಿದ್ದೀಯ ಅನ್ನೋದರ ಮೇಲೆ ಗ್ರೇಡು. ಸುರತ್ಕಲ್‌ನ ಎನ್‌ಐಟಿಯಂಥ ಕಡೆ ಈ ಪದ್ಧತಿ ಇದೆ. ಅಲ್ಲಿ ಪಕ್ಕದವಳು ಚೆನ್ನಾಗಿ ಬರೆದರೆ ನಿನ್ನ ಗ್ರೇಡು ಅಲ್ಲಾಡುತ್ತೆ. ಮೊದಲನೇ ಪದ್ಧತಿಯಲ್ಲಿ ಅವಳು 95 ತಗೊಂಡರೂ ನಿನ್ನ 78 ಹಾಗೇ ಇರುತ್ತೆ, ಅವಳ ಹತ್ತಿರ ಕೂತು ಕಲಿತುಕೊಂಡರೆ 78 ಹೋಗಿ 83 ಆಗಬಹುದು. ಕಾಲೇಜಿನ ನಿಯಮಾವಳಿಯಲ್ಲಿ ಇದನ್ನ ಬರೆದೇ ಇರ್ತಾರೆ. ಅದನ್ನ ಓದದೆ, ಜಾಣರ ಮಧ್ಯೆ ಹೋದರೆ ನನ್ನ ಗ್ರೇಡು ಬೀಳುತ್ತೆ ಅಂತ ನೀನಾಗೇ ತೀರ್ಮಾನ ಮಾಡ್ಕೊಂಡಿದ್ದೀಯ.

ಹುಡುಗಿ: ನಿಯಮಾವಳಿ ಓದ್ತೀನಿ. ಆದರೆ ಅಂಕಕ್ಕೆ ನೇರವಾಗಿ ಗ್ರೇಡು ಕೊಟ್ಟರೂ ಪೂರ್ತಿ ನಿಶ್ಚಿಂತೆ ಇಲ್ಲ ಅಲ್ವಾ? ಬೆಂಗಳೂರಿಂದು ಅಟಾನಮಸ್ ಕಾಲೇಜು. ಡಿಗ್ರಿ ವಿಟಿಯು ಹೆಸರಲ್ಲಿ ಬಂದರೂ ಪ್ರಶ್ನೆಪತ್ರಿಕೆ ಅವರದೇ. ಪತ್ರಿಕೆ ಮಾಡೋ ಮೇಷ್ಟ್ರು ಎದುರಿಗೆ ಕೂತಿರೋ ಮಕ್ಕಳನ್ನ ನೋಡಿಯೇ ಅಲ್ವಾ ಮಾಡೋದು? ತರಗತಿ ತುಂಬ ಚುರುಕಾದವರಿದ್ದರೆ ಪ್ರಶ್ನೆಯೂ ಕಷ್ಟ ಇರುತ್ತೆ. ಹಾಸನದಲ್ಲಿ ನನಗೆ ಬರೋದು ವಿಟಿಯು ಪತ್ರಿಕೆ. ರಾಜ್ಯಕ್ಕೆಲ್ಲ ಒಂದೇ. ಹಳೇ ಪತ್ರಿಕೆ ಬಿಡಿಸಿದರೆ ಅದರ ದಾರಿ ಗೊತ್ತಾಗುತ್ತೆ.

ಉಪನ್ಯಾಸಕಿ: ಅದು ನಿಜ. ಇಲ್ಲ ಅನ್ನಲ್ಲ. ಆದರೆ ಹಳೇ ಪತ್ರಿಕೆಯ ದಾರಿ ಹಿಡಿದು ತಗೊಂಡ 9ಕ್ಕೂ, ಗೊತ್ತಿಲ್ಲದ ಪ್ರಶ್ನೆ ಎದುರಿಸಿ ತಗೊಂಡ ಏಳೂವರೆಗೂ ತೂಕ ಒಂದೇ ಅಂತೀಯಾ?

ಹುಡುಗಿ: ನಾನು ಅನ್ನಲ್ಲ ಮೇಡಂ, ಕಂಪನಿಯವರು ಅಂತಾರೆ. ಕ್ಯಾಂಪಸ್‌ಗೆ ಬರೋ ಮೊದಲೇ ಒಂದು ಸಂಖ್ಯೆ ಕಳಿಸಿರ್ತಾರಂತೆ. ಇಷ್ಟು ಸಿಜಿಪಿಎ ಇರಬೇಕು, ಬ್ಯಾಕ್ ಇರಬಾರದು. ಅದಕ್ಕಿಂತ ಕೆಳಗಿದ್ದರೆ ಪರೀಕ್ಷೆ ಬರೆಯೋಕೂ ಕೂರಿಸಲ್ಲ. ನನ್ನ ಏಳೂವರೆಯ ಹಿಂದೆ ಎಂಥ ಕಷ್ಟದ ಪ್ರಶ್ನೆ ಇತ್ತು ಅಂತ ಆ ಕಂಪ್ಯೂಟರಿಗೆ ಯಾರು ಹೇಳ್ತಾರೆ?

ಉಪನ್ಯಾಸಕಿ: ಯಾವ ಕಾಲೇಜಿನ ಬಾಗಿಲಿಗೆ ಯಾವ ಕಂಪನಿ ಬರುತ್ತೆ ಅನ್ನೋದನ್ನೂ ಲೆಕ್ಕಕ್ಕೆ ಹಿಡಿ. ಬೆಂಗಳೂರಿನ ಕಾಲೇಜಿಗೆ ಚಿಪ್ ವಿನ್ಯಾಸ ಮಾಡೋ ಕಂಪನಿಗಳು ಬರ್ತಾವೆ, ಇಂಟರ್ನ್‌ಶಿಪ್‌ಗೆ ಬಸ್ಸು ಹತ್ತಿ ಹೋಗಿ ಸಂಜೆ ವಾಪಸ್ ಬರಬಹುದು. ಎಲೆಕ್ಟ್ರಾನಿಕ್ಸ್ ಓದಿ ಎಲೆಕ್ಟ್ರಾನಿಕ್ಸ್ ಕೆಲಸವೇ ಬೇಕು ಅನ್ನೋರಿಗೆ ಇದು ಸಣ್ಣ ವಿಷಯ ಅಲ್ಲ. ಬರದೇ ಇರೋ ಕಂಪನಿಯ ಮುಂದೆ ನಿನ್ನ 9.2 ತಗೊಂಡು ಏನು ಮಾಡ್ತೀಯ?

ಹುಡುಗಿ: ಬಂದ ಕಂಪನಿ 8 ಕೇಳಿದಾಗ 7.4 ಇಟ್ಟುಕೊಂಡು ಏನು ಮಾಡ್ಲಿ?

ಇಲ್ಲಿಗೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರು. ಮತ್ತೆ ಮಾತು ತೆಗೆದವಳು ಹುಡುಗಿ. ಈ ಸಲ ಕೇಳಿದ್ದು ಕಾಲೇಜಿನ ಬಗ್ಗೆ ಅಲ್ಲ.

ಹುಡುಗಿ: ಮೇಡಂ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎರಡು ವರ್ಷ ಪ್ರತಿ ಟೆಸ್ಟ್ ಆದ ಮೇಲೂ ಇದೇ ಕಾರಿಡಾರಿನ ನೋಟಿಸ್ ಬೋರ್ಡಲ್ಲಿ ನಮ್ಮೆಲ್ಲರ ಅಂಕ ಇಳಿಕೆ ಕ್ರಮದಲ್ಲಿ ಹಾಕ್ತಿದ್ರಿ. ಯಾರು ಮೊದಲು, ಯಾರು ಕೊನೆ ಅಂತ ಇಡೀ ಕಾಲೇಜಿಗೆ ಗೊತ್ತಾಗ್ತಿತ್ತು. ಈಗ ಅಂಕದ ಬಗ್ಗೆ ಅಷ್ಟು ಹೆದರಬೇಡ ಅಂತೀರಿ. ಹೆದರೋದನ್ನ ಕಲಿತದ್ದೇ ಆ ಬೋರ್ಡಿನ ಮುಂದೆ ನಿಂತು ಅಲ್ವಾ?

ಉಪನ್ಯಾಸಕಿ: ಬೇಜಾರಿಲ್ಲ, ಕೇಳಬೇಕಾದ್ದೇ. ಉತ್ತರವನ್ನೂ ನೇರವಾಗೇ ಹೇಳ್ತೀನಿ. ಆ ಪಟ್ಟಿ ಹಾಕಿದ್ದು ಸರಿ ಅಂತಲೇ ಇವತ್ತಿಗೂ ನಂಬಿದ್ದೀನಿ. ಯಾಕೆ ಗೊತ್ತಾ? ಈ ಊರಿನ ಮಕ್ಕಳಿಗೆ ಬೇರೆ ಬಾಗಿಲಿಲ್ಲ. ನಿಮ್ಮಪ್ಪನಿಗೆ ಬೆಂಗಳೂರಲ್ಲಿ ಪರಿಚಯದವರಿಲ್ಲ. ಡೊನೇಷನ್ ಕಟ್ಟೋಕೆ ತೆಂಗಿನ ತೋಟ ಮಾರಬೇಕು. ಸಿಇಟಿ ಒಂದೇ ನಿಮ್ಮಪ್ಪ ಯಾರು, ನಿಮ್ಮ ಮನೆ ಎಲ್ಲಿದೆ ಅಂತ ಕೇಳದೆ ಒಳಗೆ ಬಿಡೋದು. ಅಂಕಪಟ್ಟಿಯ ಹಾಗೆ ಮುಖ ನೋಡದೆ ಮಾತಾಡೋ ವಸ್ತು ಬಡವರ ಪಾಲಿಗೆ ಇನ್ನೊಂದಿಲ್ಲ. ಅದಕ್ಕೇ ಅಷ್ಟು ಒತ್ತಾಯ ಮಾಡಿ ಓದಿಸಿದ್ದು.

ಹುಡುಗಿ: ನಾನೂ ಅದನ್ನೇ ಹೇಳ್ತಿರೋದು! ನನಗೆ ಇಂಗ್ಲಿಷಲ್ಲಿ ನಾಲ್ಕು ಜನರ ಮುಂದೆ ಮಾತಾಡೋಕೆ ಬರಲ್ಲ. ಶಿಫಾರಸು ಮಾಡೋ ಮಾವ ಇಲ್ಲ. ಕೆಲಸ ಸಿಗದಿದ್ದರೆ ಎರಡು ವರ್ಷ ಮನೇಲಿ ಕೂತು ಇನ್ನೊಂದು ಪರೀಕ್ಷೆಗೆ ಓದ್ತೀನಿ ಅನ್ನೋ ಹಾಗಿಲ್ಲ. ನನ್ನ ಹತ್ತಿರ ಇರೋ ಬಂಡವಾಳ ಅಂಕ ಒಂದೇ. ಅದನ್ನ ಕಳ್ಕೋಬಾರದು ಅಂತ ನೋಡ್ಕೊಂಡರೆ ನೀವು ಹೇಡಿತನ ಅಂತೀರಿ.

ಉಪನ್ಯಾಸಕಿ: ಹೇಡಿತನ ಅಂತ ನಾನೆಲ್ಲಿ ಅಂದೆ?

ಹುಡುಗಿ: ಅನ್ನಲಿಲ್ಲ, ಆದರೆ ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತೆ.

ಉಪನ್ಯಾಸಕಿ: ಹಾಗಾದರೆ ಮುಖ ನೋಡಬೇಡ, ಮಾತು ಕೇಳು. ಅಂಕ ನಿನ್ನ ಬಂಡವಾಳ ಅನ್ನೋದನ್ನ ಒಪ್ಪಿದೆ. ಬಂಡವಾಳ ಇರೋದು ಕಾಪಾಡೋಕಾ, ತೊಡಗಿಸೋಕಾ? ನಿನಗೆ ಇಲ್ಲ ಅಂತ ಈಗ ಹೇಳಿದೆಯಲ್ಲ, ಇಂಗ್ಲಿಷು, ಪರಿಚಯ, ಯಾವ ಕೆಲಸಕ್ಕೆ ಹೇಗೆ ಅರ್ಜಿ ಹಾಕಬೇಕು ಅನ್ನೋ ತಿಳಿವಳಿಕೆ, ಅವೆಲ್ಲ ಎಲ್ಲಿ ಸಿಗುತ್ತೆ? ಅವು ಇರೋರ ಮಧ್ಯೆ ಇದ್ದರೆ ಸಿಗುತ್ತೆ. ಕ್ಯಾಂಟೀನಲ್ಲಿ ಪಕ್ಕದಲ್ಲಿ ಕೂತವಳ ಅಕ್ಕ ಎಲ್ಲಿ ಕೆಲಸ ಮಾಡ್ತಾಳೆ ಅನ್ನೋದರಿಂದ ಸಿಗುತ್ತೆ. ಅದು ಯಾವ ಸಿಲಬಸ್‌ನಲ್ಲೂ ಇಲ್ಲ.

ಹುಡುಗಿ: ನಾನೂ ಒಂದಿಷ್ಟು ಹುಡುಕಿ ಓದಿದ್ದೀನಿ. ಅಮೆರಿಕದಲ್ಲಿ ಜೇಮ್ಸ್ ಡೇವಿಸ್ ಅನ್ನೋ ಸಮಾಜಶಾಸ್ತ್ರಜ್ಞ 1966ರಲ್ಲೇ ಇದನ್ನ ಬರೆದಿದ್ದಾರೆ. ದೊಡ್ಡ ಕಾಲೇಜಿನಲ್ಲಿ ಹಿಂದೆ ಬಿದ್ದ ಹುಡುಗರು ಸಾಮರ್ಥ್ಯ ಇದ್ದರೂ ಇದು ನನ್ನಿಂದಾಗದು ಅಂದ್ಕೊಂಡು ದೊಡ್ಡ ಗುರಿಗಳನ್ನೇ ಕೈಬಿಡ್ತಾರಂತೆ. ತಾನೆಷ್ಟು ಜಾಣ ಅನ್ನೋದನ್ನ ಇಡೀ ದೇಶದ ಜೊತೆ ಯಾರೂ ಹೋಲಿಸಿ ನೋಡಲ್ಲ, ಪಕ್ಕದ ಬೆಂಚಿನ ಜೊತೆ ಹೋಲಿಸ್ತಾರೆ. ದೊಡ್ಡ ಕೊಳದ ಸಣ್ಣ ಕಪ್ಪೆ ಆಗೋದಕ್ಕಿಂತ ಸಣ್ಣ ಕೊಳದ ದೊಡ್ಡ ಕಪ್ಪೆ ಆಗೋದು ಮೇಲು ಅಂತ ಅವರ ವಾದ. ಆಮೇಲೆ 1980ರ ದಶಕದಲ್ಲಿ ಹರ್ಬರ್ಟ್ ಮಾರ್ಷ್ ಅನ್ನೋ ಮನಶ್ಶಾಸ್ತ್ರಜ್ಞ ಶಾಲಾ ಮಕ್ಕಳ ಮೇಲೂ ಇದನ್ನೇ ತೋರಿಸಿದರು. ಒಂದೇ ಸಾಮರ್ಥ್ಯದ ಇಬ್ಬರಲ್ಲಿ, ಜಾಣರ ಶಾಲೆಗೆ ಹೋದವರಿಗೆ ತಮ್ಮ ಓದಿನ ಬಗ್ಗೆ ಇರೋ ನಂಬಿಕೆ ಕಡಿಮೆ.

ಉಪನ್ಯಾಸಕಿ: ಚೆನ್ನಾಗಿ ಓದಿದ್ದೀಯ. ಕಪ್ಪೆ ವಿಷಯಕ್ಕೆ ಬಂದರೆ, ಬಾವಿಯೊಳಗಿನ ಕಪ್ಪೆಗೆ ಬಾವಿಯೇ ಲೋಕ ಅನ್ನೋದು ನಮ್ಮಲ್ಲಿ ಡೇವಿಸ್‌ಗಿಂತ ಎಷ್ಟೋ ಹಳೇ ಮಾತು. ಹಾಳೂರಿಗೆ ಉಳಿದವನೇ ಗೌಡ ಅಂತಾನೂ ಹೇಳ್ತಾರೆ.

ಹುಡುಗಿ: ಹಾಸನ ಹಾಳೂರಲ್ಲ ಮೇಡಂ.

ಉಪನ್ಯಾಸಕಿ: ಅಲ್ಲ, ಖಂಡಿತ ಅಲ್ಲ. ಆ ಮಾತು ವಾಪಸ್ ತಗೋತೀನಿ. 1960ರಲ್ಲೇ ಇಂಜಿನಿಯರಿಂಗ್ ಕಾಲೇಜು ಕಂಡ ಊರು ಅದು. ಆದರೆ ನಿನ್ನ ಡೇವಿಸ್ ಲೆಕ್ಕ ಹಾಕಿದ್ದು ಅಮೆರಿಕದ ಗಂಡುಹುಡುಗರದ್ದು. ಅದೂ ಅರವತ್ತು ವರ್ಷದ ಹಿಂದೆ. ನಿನ್ನ ಪರಿಸ್ಥಿತಿಗೆ ಹತ್ತಿರ ಇರೋ ಇನ್ನೊಂದನ್ನ ನಾನು ಹೇಳ್ತೀನಿ. ಸ್ಟೇಸಿ ಡೇಲ್ ಮತ್ತೆ ಆಲನ್ ಕ್ರೂಗರ್ ಅಂತ ಇಬ್ಬರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1976ರಲ್ಲಿ ಕಾಲೇಜು ಸೇರಿದವರನ್ನ ತಗೊಂಡು, ಒಂದೇ ಮಟ್ಟದ ಕಾಲೇಜುಗಳಲ್ಲಿ ಸೀಟು ಸಿಕ್ಕವರನ್ನ ಹೋಲಿಸಿದರು. ದೊಡ್ಡ ಹೆಸರಿನ ಕಡೆ ಹೋದವರೂ ಇದ್ದರು, ಸೀಟು ಸಿಕ್ಕರೂ ಬಿಟ್ಟು ಬೇರೆ ಕಡೆ ಹೋದವರೂ ಇದ್ದರು. ಸುಮಾರು ಇಪ್ಪತ್ತು ವರ್ಷ ಆದ ಮೇಲೆ ಎರಡೂ ಗುಂಪಿನ ಸಂಪಾದನೆ ಹೆಚ್ಚುಕಡಿಮೆ ಒಂದೇ ಇತ್ತು.

ಹುಡುಗಿ: ಅಂದರೆ ಗೆದ್ದದ್ದು ನನ್ನ ವಾದ! ಕಾಲೇಜಿನ ಹೆಸರಿಂದ ಏನೂ ಆಗಲ್ಲ, ಓದೋರು ಎಲ್ಲಿದ್ದರೂ ಓದ್ತಾರೆ.

ಉಪನ್ಯಾಸಕಿ: ಪೂರ್ತಿ ಕೇಳು. ಒಂದು ಗುಂಪಿಗೆ ಮಾತ್ರ ಫಲಿತಾಂಶ ಬೇರೆ ಇತ್ತು. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ದೊಡ್ಡ ಕಾಲೇಜಿಂದ ನಿಜವಾಗಿ ಲಾಭ ಆಗಿತ್ತು. ಮುಂದೆ ಅವರೇ ಇನ್ನಷ್ಟು ಜನರ ಲೆಕ್ಕ ತೆಗೆದಾಗ, ಹೆಚ್ಚು ಓದದ ತಂದೆತಾಯಿಯ ಮಕ್ಕಳಿಗೂ ಹಾಗೇ ಕಂಡಿತು. ಮನೆಯಲ್ಲೇ ಎಲ್ಲಾ ಇದ್ದವರಿಗೆ ಕಾಲೇಜು ಹೊಸದಾಗಿ ಕೊಡೋದು ಕಡಿಮೆ. ಮನೆಯಲ್ಲಿ ಇಲ್ಲದವರಿಗೆ ಅದು ಕೊಡೋದು ಬಹಳ. ನೀನು ಯಾವ ಗುಂಪಿನವಳು ಹೇಳು.

ಹುಡುಗಿ: ಅದೂ ಅಮೆರಿಕದ್ದೇ ಅಲ್ವಾ?

ಉಪನ್ಯಾಸಕಿ: ಅಮೆರಿಕದ್ದೇ. ನಿನ್ನ ಡೇವಿಸ್‌ಗೆ ಹಾಕಿದ ಅಳತೆಯನ್ನ ನನ್ನ ಕ್ರೂಗರ್‌ಗೂ ಹಾಕು, ತಕರಾರಿಲ್ಲ.

ಹುಡುಗಿ: ನಮ್ಮವರ ಉದಾಹರಣೆಯನ್ನೇ ಕೊಡ್ತೀನಿ. ಎನ್.ಆರ್. ನಾರಾಯಣಮೂರ್ತಿ ಓದಿದ್ದು ಮೈಸೂರಿನ ಎನ್‌ಐಇಯಲ್ಲಿ. ಮನೆಗೆ ಹತ್ತಿರ ಇದ್ದ ಕಾಲೇಜು. 1967ರಲ್ಲಿ ಅಲ್ಲಿಂದ ಬಿಇ ಮುಗಿಸಿದರು. ಆಮೇಲೆ ಏನಾಯ್ತು ಅಂತ ಎಲ್ಲರಿಗೂ ಗೊತ್ತು.

ಉಪನ್ಯಾಸಕಿ: ಆಮೇಲೆ ಆದದ್ದು ಕಾನ್ಪುರ ಐಐಟಿ. ಅಲ್ಲಿ ಎಂ.ಟೆಕ್ ಓದುವಾಗ ಒಂದು ಬೆಳಿಗ್ಗೆ ತಿಂಡಿಯ ಹೊತ್ತಲ್ಲಿ, ಅಮೆರಿಕದಿಂದ ಬಂದಿದ್ದ ಕಂಪ್ಯೂಟರ್ ವಿಜ್ಞಾನಿಯೊಬ್ಬರ ಮಾತು ಕೇಳಿಯೇ ತಾನು ಕಂಪ್ಯೂಟರ್ ಕಡೆ ತಿರುಗಿದ್ದು ಅಂತ ಅವರೇ ಹೇಳಿಕೊಂಡಿದ್ದಾರೆ. 1968ರ ಮಾತು. ತಿಂಡಿ ತಿನ್ನುವಾಗ ಅಂಥ ಮಾತು ಕಿವಿಗೆ ಬೀಳೋ ಜಾಗದಲ್ಲಿ ಇದ್ದರು, ಬಿತ್ತು.

ಹುಡುಗಿ: ಕಾನ್ಪುರಕ್ಕೆ ಹೋಗೋ ಶಕ್ತಿ ಬಂದದ್ದು ಮೈಸೂರಲ್ಲಿ ಓದಿ ಅಲ್ವಾ? ಯು.ಆರ್. ರಾವ್ ಉಡುಪಿ ಹತ್ತಿರದ ಅದಮಾರಿನವರು. ಬಿಎಸ್ಸಿ ಮಾಡಿದ್ದು ಅನಂತಪುರದ ಸರ್ಕಾರಿ ಕಾಲೇಜಲ್ಲಿ. ಎಂಎಸ್ಸಿಗೆ ಕಾಶಿಗೆ ಹೋದರು, ಆಮೇಲೆ ಅಹಮದಾಬಾದಲ್ಲಿ ವಿಕ್ರಂ ಸಾರಾಭಾಯಿ ಹತ್ತಿರ ಸಂಶೋಧನೆ. 1975ರಲ್ಲಿ ಆರ್ಯಭಟ ಉಪಗ್ರಹ ಹಾರಿದ್ದು ಅವರ ಮುಂದಾಳತ್ವದಲ್ಲಿ. ಒಂದೊಂದೇ ಮೆಟ್ಟಿಲು ಹತ್ತಿದವರು. ನಾನೂ ಹಾಗೇ ಹೋಗ್ತೀನಿ. ಹಾಸನದಲ್ಲಿ ಬುನಾದಿ ಗಟ್ಟಿ ಮಾಡ್ಕೊಂಡು ಗೇಟ್ ಪರೀಕ್ಷೆ ಬರೀತೀನಿ. ಅದು ದೇಶಕ್ಕೆಲ್ಲ ಒಂದೇ. ಅದರಲ್ಲಿ ನನ್ನ ಕಾಲೇಜಿನ ಹೆಸರಿಗೆ ಅಂಕ ಇಲ್ಲ. ಒಳ್ಳೆ ಸ್ಕೋರ್ ಬಂದರೆ ಐಐಟಿ, ಐಐಎಸ್‌ಸಿಯಲ್ಲಿ ಎಂ.ಟೆಕ್‌ಗೆ ದಾರಿ. ಒಂದು ವರ್ಷ ಆಗದಿದ್ದರೂ ಇನ್ನೊಂದು ವರ್ಷ ಬರೆಯಬಹುದು.

ಉಪನ್ಯಾಸಕಿ: ಇದು ತಲೆದೂಗೋ ಮಾತು. ಇದುವರೆಗೆ ನೀನು ಹಾಸನದ ಪರವಾಗಿ ಆಡಿದ್ದೆಲ್ಲ ಬೆಂಗಳೂರಿನ ಭಯದಿಂದ ಹುಟ್ಟಿದ್ದು. ಇದೊಂದು ಹಾಗಲ್ಲ, ಇದರಲ್ಲಿ ಗುರಿ ಇದೆ. ಆದರೂ ಒಂದು ಸಂಶಯ. ತರಗತಿಗೆ ಮೊದಲು ಬರೋರಿಗೆ ಒಂದು ಅಪಾಯ ಇದೆ. ಎಲ್ಲರೂ ಹೊಗಳ್ತಾರೆ, ನೋಟ್ಸ್ ಕೇಳ್ಕೊಂಡು ಬರ್ತಾರೆ. ಇಷ್ಟು ಸಾಕು ಅನ್ನಿಸೋಕೆ ಶುರುವಾಗುತ್ತೆ. ಗೇಟ್‌ಗೆ ಬೇಕಾದ್ದು ಅದರ ಎರಡರಷ್ಟು. ಇಷ್ಟು ಸಾಲದು ಅಂತ ನಿನಗೆ ಹೇಳೋರು ಅಲ್ಲಿ ಯಾರಿರ್ತಾರೆ?

ಹುಡುಗಿ: ಬೆಂಗಳೂರಲ್ಲಿ ಸಾಕು ಅಂತ ಹೇಳೋರು ಯಾರಿರ್ತಾರೆ ಮೇಡಂ? ನಮ್ಮ ಸೀನಿಯರ್ ಒಬ್ಬ ಅಣ್ಣ ಅಲ್ಲಿಗೆ ಹೋಗಿ ಮೂರನೇ ಸೆಮಿಸ್ಟರಿಗೆ ವಾಪಸ್ ಬಂದ. ನಾಲ್ಕು ವಿಷಯದಲ್ಲಿ ಬ್ಯಾಕ್ ಇತ್ತು. ಊರಲ್ಲಿ ಎಲ್ಲರಿಗೂ ಮೊದಲಿಗ, ಅಲ್ಲಿ ಹೋಗಿ ಫೇಲ್. ಮನೇಲಿ ಹೇಳೋಕಾಗದೆ ಎಷ್ಟೋ ತಿಂಗಳು ಸುಳ್ಳು ಹೇಳ್ಕೊಂಡೇ ಇದ್ದ. ಅವನು ನನಗಿಂತ ಜಾಣ. ಅವನಿಗೇ ಹಾಗಾದರೆ?

ಉಪನ್ಯಾಸಕಿ: ನನಗೂ ಗೊತ್ತು ಆ ಹುಡುಗನ ವಿಷಯ. ಅದನ್ನ ಹಗುರ ಮಾಡಿ ಮಾತಾಡಲ್ಲ. ಆದರೆ ಹೇಳು, ಅವನು ಮುರಿದದ್ದು ಕಷ್ಟದ ಪಾಠದಿಂದಲಾ, ಅದನ್ನ ಯಾರ ಹತ್ತಿರವೂ ಹೇಳಿಕೊಳ್ಳೋಕಾಗದೆ ಇದ್ದದ್ದರಿಂದಲಾ?

ಹುಡುಗಿ: ಎರಡೂ. ಅರ್ಥ ಆಗಲಿಲ್ಲ ಅಂತ ಕೇಳಿದರೆ ನಗ್ತಾರೆ ಅಂತ ಮೊದಲನೇ ಸೆಮಿಸ್ಟರಲ್ಲೇ ಕೈ ಎತ್ತೋದನ್ನ ನಿಲ್ಲಿಸಿಬಿಟ್ಟನಂತೆ.

ಉಪನ್ಯಾಸಕಿ: ಹಾಗಾದರೆ ಕಟಾಫ್, ಪ್ಲೇಸ್‌ಮೆಂಟು, ಕಟ್ಟಡ, ಇವೆಲ್ಲ ಒಂದು ಕಡೆ ಇರಲಿ. ಈ ಕಾಲೇಜಲ್ಲಿ ಹಿಂದೆ ಬಿದ್ದವರಿಗೆ ಏನಾಗುತ್ತೆ ಅಂತ ಕೇಳು. ಎಲ್ಲಾ ಕಾಲೇಜೂ ಮೊದಲು ಬಂದವರ ಫೋಟೋ ಫ್ಲೆಕ್ಸ್‌ನಲ್ಲಿ ಹಾಕ್ತಾವೆ. ಒಂದು ವಿಷಯ ಫೇಲಾದವರಿಗೆ ಮತ್ತೆ ಪಾಠ ಮಾಡ್ತಾರಾ? ಇಂಟರ್ನಲ್ಸ್‌ನಲ್ಲಿ ಅಂಕ ಕಡಿಮೆ ಬಂದರೆ ಕರೆದು ಮಾತಾಡ್ತಾರಾ, ಇಲ್ಲ ಮನೆಗೆ ಎಸ್‌ಎಂಎಸ್ ಕಳಿಸಿ ಸುಮ್ಮನಾಗ್ತಾರಾ? ಕನ್ನಡ ಮಾಧ್ಯಮದಿಂದ ಬಂದ ಸೀನಿಯರ್‌ಗಳು ಯಾರಿದ್ದಾರೆ? ಅವರು ಎರಡನೇ ವರ್ಷ ಹೇಗೆ ದಾಟಿದರು? ಇದನ್ನ ಪ್ರಿನ್ಸಿಪಾಲರನ್ನ ಕೇಳಬೇಡ. ಎರಡೂ ಕಡೆ ಏಳು ಪಾಯಿಂಟ್ ಆಸುಪಾಸಲ್ಲಿರೋ ಹುಡುಗಿಯರನ್ನ ಹುಡುಕಿ ಕೇಳು.

ಹುಡುಗಿ: ಎರಡೂ ಕಡೆ ಯಾಕೆ? ಹಾಸನದಲ್ಲಿ ನಾನು ಹಿಂದೆ ಬೀಳಲ್ಲ ಅಲ್ವಾ?

ಉಪನ್ಯಾಸಕಿ: ಯಾರು ಹೇಳಿದರು? ಅಲ್ಲಿಗೂ ನಿನ್ನ ಹಾಗೇ ದುಡ್ಡಿನ ಲೆಕ್ಕ ನೋಡಿ, ಮನೆಗೆ ಹತ್ತಿರ ಅಂತ ಬರೋ ಜಾಣರಿದ್ದಾರೆ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬರೋರು ಲ್ಯಾಬಲ್ಲಿ ನಿಮಗೆಲ್ಲ ಪಾಠ ಹೇಳೋ ಹಾಗಿರ್ತಾರೆ. ಒಂದು ಕಾಲೇಜು ಸುಲಭ ಅಂತ ಹೋದವರು ಅಲ್ಲಿ ಎಡವಿದರೆ ಏಳೋದು ಇನ್ನೂ ಕಷ್ಟ. ಕಷ್ಟ ಬರುತ್ತೆ ಅಂತ ಸಿದ್ಧರಾಗೇ ಇರೋದಿಲ್ಲ.

ಹುಡುಗಿ: ಇದು ನನಗೆ ಹೊಳೆದಿರಲಿಲ್ಲ. ಸರಿ, ನಾನೂ ಒಂದು ಕೇಳ್ತೀನಿ. ದುಡ್ಡಿನ ವಿಷಯ ನೀವು ಎತ್ತಲೇ ಇಲ್ಲ. ಸರ್ಕಾರಿ ಕಾಲೇಜಿನ ಶುಲ್ಕಕ್ಕೂ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಶುಲ್ಕಕ್ಕೂ ಎಷ್ಟು ಅಂತರ ಇದೆ ಅಂತ ಗೊತ್ತಲ್ವಾ? ಮೇಲೆ ಹಾಸ್ಟೆಲ್ಲು, ಊಟ. ಹಾಸನಕ್ಕಾದರೆ ಮನೆಯಿಂದಲೇ ಓಡಾಡಬಹುದು.

ಉಪನ್ಯಾಸಕಿ: ಓಡಾಡಬಹುದು. ದಿನಕ್ಕೆ ಎರಡು ಮೂರು ಗಂಟೆ ಬಸ್ಸಲ್ಲೇ ಹೋಗುತ್ತೆ, ಅದನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಸು. ಬೆಂಗಳೂರಿಗಾದರೆ ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಹಾಕಬಹುದು, ವಿದ್ಯಾಸಿರಿ ಸ್ಕಾಲರ್‌ಶಿಪ್ ಇದೆ, ಸಿಇಟಿಯಲ್ಲಿ ಸೀಟು ಸಿಕ್ಕವರಿಗೆ ಅರಿವು ಸಾಲ ಇದೆ.

ಹುಡುಗಿ: ಅರ್ಜಿ ಹಾಕಬಹುದು. ಸಿಗುತ್ತೆ ಅಂತ ಖಾತ್ರಿ ಇಲ್ಲ. ಸ್ಕಾಲರ್‌ಶಿಪ್ ಬರೋದು ತಡವಾದರೆ ಆ ತಿಂಗಳು ಏನು ಮಾಡೋದು? ಅಪ್ಪ ಸಾಲ ಮಾಡ್ತಾರೆ. ಆ ಸಾಲ ತಲೆಯಲ್ಲಿಟ್ಟುಕೊಂಡು ಪರೀಕ್ಷೆ ಬರೆಯೋದು ಬೇರೆ, ನಿಶ್ಚಿಂತೆಯಿಂದ ಬರೆಯೋದು ಬೇರೆ. ಒಂದು ಗ್ರೇಡು ಬಿದ್ದರೆ ಬೇರೆಯವರಿಗೆ ಬೇಜಾರಾಗುತ್ತೆ. ನನಗಾದರೆ ಅಪ್ಪನ ಬಡ್ಡಿ ನೆನಪಾಗುತ್ತೆ.

ಉಪನ್ಯಾಸಕಿ: ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲಮ್ಮ. ಧೈರ್ಯ ತಗೋ ಅಂತ ಹೇಳೋದು ಸುಲಭ, ಬಡ್ಡಿ ಕಟ್ಟೋಳು ನಾನಲ್ಲ. ಒಂದೇ ಮಾತು ಹೇಳ್ತೀನಿ. ದುಡ್ಡಿಲ್ಲ ಅಂತ ಹಾಸನಕ್ಕೆ ಹೋದರೆ ಅದಕ್ಕೆ ನಾಚಿಕೆ ಪಡೋ ಅಗತ್ಯ ಇಲ್ಲ. ಅದು ವಿವೇಕ. ನನಗೆ ಯೋಗ್ಯತೆ ಇಲ್ಲ ಅಂತ ಹಾಸನಕ್ಕೆ ಹೋದರೆ ಮಾತ್ರ ನನ್ನ ತಕರಾರು. ಹೋಗೋದು ಅದೇ ಕಾಲೇಜಿಗೆ, ಆದರೆ ಯಾಕೆ ಬಂದೆ ಅನ್ನೋದು ನಾಲ್ಕು ವರ್ಷ ನಿನ್ನ ಜೊತೆಗಿರುತ್ತೆ.

ಹುಡುಗಿ: ಭಯವನ್ನ ಪೂರ್ತಿ ಬದಿಗಿಡು ಅಂತೀರಾ?

ಉಪನ್ಯಾಸಕಿ: ಹೂಂ. ಭಯ ಕೇಳಿ ಕಾಲೇಜು ಆರಿಸಬೇಡ.

ಹುಡುಗಿ: ಅದನ್ನ ಮಾತ್ರ ನಾನು ಒಪ್ಪಲ್ಲ ಮೇಡಂ. ನನ್ನ ಭಯ ಸುಳ್ಳಲ್ಲ. ಅಲ್ಲಿ ನನಗೆ ಇಂಗ್ಲಿಷ್ ತೊಡಕಾಗುತ್ತೆ ಅಂತ ಅದು ಹೇಳ್ತಿದೆ, ಆಗುತ್ತೆ. ಮೊದಲ ವರ್ಷ ಗ್ರೇಡು ಇಳಿಯುತ್ತೆ ಅಂತ ಹೇಳ್ತಿದೆ, ಇಳಿಯಬಹುದು. ಅದರ ಮಾತು ಕೇಳಿ ಸಿದ್ಧವಾಗಬೇಕು ಅಂತ ಹೇಳಿ, ಒಪ್ತೀನಿ. ಅದು ಮಾತೇ ಆಡ್ತಿಲ್ಲ ಅನ್ನೋ ಹಾಗೆ ಇರು ಅಂದರೆ ಆಗಲ್ಲ. ವಾಪಸ್ ಬಂದನಲ್ಲ, ಆ ಅಣ್ಣನಿಗೆ ಎಲ್ಲರೂ ಹೇಳಿದ್ದು ಅದನ್ನೇ. ಹೆದರಬೇಡ, ನೀನು ಜಾಣ ಅಂತ. ಅದಕ್ಕೇ ಹೆದರಿಕೆ ಆದಾಗ ಯಾರಿಗೂ ಹೇಳೋಕಾಗಲಿಲ್ಲ ಅವನಿಗೆ.

ಉಪನ್ಯಾಸಕಿ: ... ಇರಲಿ. ಹಾಗಾದರೆ ಏನು ಒತ್ತುತ್ತೀಯ?

ಹುಡುಗಿ: ನಾಳೆ ಸಂಜೆವರೆಗೂ ಸಮಯ ಇದೆ. ಹಾಸ್ಟೆಲ್ ಬಗ್ಗೆ ಇವತ್ತೇ ವಿಚಾರಿಸ್ತೀನಿ, ಸಾಲದ ಬಗ್ಗೆ ಅಪ್ಪನ ಹತ್ತಿರ ಕೂತು ಲೆಕ್ಕ ಹಾಕ್ತೀನಿ. ಗ್ರೇಡಿನ ನಿಯಮ ಓದ್ತೀನಿ. ಎರಡೂ ಕಡೆ ಸೀನಿಯರ್‌ಗಳಿಗೆ ಫೋನ್ ಮಾಡ್ತೀನಿ. ಲೆಕ್ಕ ಕೂಡಿಬಂದರೆ ಚಾಯ್ಸ್ 2. ಬರದಿದ್ದರೆ ಹಾಸನ, ಮುಂದೆ ಗೇಟ್. ಅಲ್ಲಿ ನಾನು ಕೊನೆಯವಳಾಗ್ತೀನಿ ಅನ್ನೋದನ್ನ ಈ ಲೆಕ್ಕದಿಂದ ತೆಗೆದುಹಾಕಿದ್ದೀನಿ. ಇಲ್ಲಿ ಮೊದಲಿಗಳಾಗ್ತೀನಿ ಅನ್ನೋದನ್ನೂ.

ಉಪನ್ಯಾಸಕಿ: ಹಾಸನಕ್ಕೆ ಹೋದರೆ ನಾನು ಬಿಡಲ್ಲ, ನೆನಪಿರಲಿ. ಪ್ರತಿ ಸೆಮಿಸ್ಟರೂ ಫೋನ್ ಮಾಡಿ, ತರಗತಿಗೆ ಮೊದಲು ಬಂದೆಯಾ ಅಂತಲ್ಲ, ಸಿಲಬಸ್ ಆಚೆಗೆ ಏನು ಓದಿದೆ ಅಂತ ಕೇಳ್ತೀನಿ.

ಹುಡುಗಿ: ಬೆಂಗಳೂರಿಗೆ ಹೋದರೆ ನಾನೇ ಫೋನ್ ಮಾಡ್ತೀನಿ, ಗ್ರೇಡು ಬಿದ್ದ ದಿನ. ಆಗ ಅಂಕ ಮುಖ್ಯ ಅಲ್ಲ ಅಂತ ಮಾತ್ರ ಸಮಾಧಾನ ಹೇಳಬೇಡಿ ಮೇಡಂ. ನನ್ನಂಥವಳಿಗೆ ಅದು ಮುಖ್ಯ. ಯಾವ ಪಾಠ ಅರ್ಥ ಆಗಲಿಲ್ಲ ಅಂತ ಕೇಳಿ. ಗಣಿತವಾದರೆ ಫೋನಲ್ಲೇ ಹೇಳಿಕೊಡಿ.